ಬೇರ್ಸ್ ಇಯರ್ಸ್‌ನ ಕೆಂಪು ಕಮರಿಗಳು: ಎಷ್ಟು ನೆಲವನ್ನು ಕಾಯಬೇಕು?

ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಕೊಲರಾಡೊ ಮತ್ತು ಸ್ಯಾನ್ ವಾನ್ ನದಿಗಳ ನಡುವೆ, ನೂರಾರು ಕಮರಿಗಳಿಂದ ಸೀಳಿಹೋದ ಕೆಂಪು ಮರಳುಗಲ್ಲಿನ ಒಣ ಸೀಮೆಯೊಂದಿದೆ. ಅದರ ನಡುವೆ, ಸಮುದ್ರಮಟ್ಟದಿಂದ 2,600 ಮೀಟರ್‌ಗೂ ಎತ್ತರದಲ್ಲಿ, ಎರಡು ಗುಡ್ಡಗಳು ಕರಡಿಯ ಕಿವಿಗಳ ಹಾಗೆ ಅಕ್ಕಪಕ್ಕ ನಿಂತಿವೆ. ಸುತ್ತಲಿನ ಸಂರಕ್ಷಿತ ಪ್ರದೇಶಕ್ಕೆ ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕ ಎಂಬ ಹೆಸರು ಬಂದದ್ದು ಅವುಗಳಿಂದಲೇ. 2016ರ ಡಿಸೆಂಬರ್ 28ರಂದು ಅಧ್ಯಕ್ಷ ಬರಾಕ್ ಒಬಾಮ ಸುಮಾರು 13.5 ಲಕ್ಷ ಎಕರೆ ನೆಲವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಒಂದು ವರ್ಷ ತುಂಬುವ ಮೊದಲೇ, 2017ರ ಡಿಸೆಂಬರ್ 4ರಂದು, ಡೊನಾಲ್ಡ್ ಟ್ರಂಪ್ ಅದರಲ್ಲಿ ಸುಮಾರು ಶೇ. 85ರಷ್ಟನ್ನು ಕಡಿತಗೊಳಿಸಿ, ಒಂದಕ್ಕೊಂದು ತಾಗದ ಎರಡು ತುಂಡುಗಳಲ್ಲಿ ಸುಮಾರು 2 ಲಕ್ಷ ಎಕರೆಯನ್ನಷ್ಟೇ ಉಳಿಸಿದರು. 2021ರ ಅಕ್ಟೋಬರ್ 8ರಂದು ಜೋ ಬೈಡನ್ ಗಡಿಯನ್ನು ಮತ್ತೆ ವಿಸ್ತರಿಸಿದಾಗ ಅದು 13.6 ಲಕ್ಷ ಎಕರೆಯಾಯಿತು. ಇದು ಕೊಡಗು ಜಿಲ್ಲೆಗಿಂತ ದೊಡ್ಡ ಪ್ರದೇಶ.

ಐದು ವರ್ಷಗಳೊಳಗೆ ಮೂರು ಗಡಿಗಳು ಬದಲಾದ ಈ ಪ್ರಕರಣವನ್ನು ಎರಡು ಪಕ್ಷಗಳ ಜಗ್ಗಾಟವೆಂದು ಓದಿ ಮುಗಿಸಿಬಿಡುವುದು ಸುಲಭ. ಆದರೆ ಜಗ್ಗಾಟದ ಕೆಳಗೆ ನಿಜವಾದ ಪ್ರಶ್ನೆಯೊಂದಿದೆ: ಬಂಡೆಯ ಪೊಟರೆಯೊಳಗೆ ಎಂಟುನೂರು ವರ್ಷ ಹಳೆಯ ಮನೆಯೊಂದು ಉಳಿದಿದ್ದರೆ, ಕಾಯಬೇಕಾದದ್ದು ಆ ಮನೆಯನ್ನೇ, ಆ ಪೊಟರೆ ಇರುವ ಕಮರಿಯನ್ನೇ, ಅಥವಾ ಕಮರಿಗೆ ನೀರುಣಿಸುವ ಮೇಲಿನ ಬಯಲನ್ನೂ ಸೇರಿಸಿ ಇಡೀ ಸೀಮೆಯನ್ನೇ? ಇದಕ್ಕೆ ಉತ್ತರ ಹುಡುಕುವವರು ಕಾನೂನಿಗಿಂತ ಮೊದಲು ಕಲ್ಲನ್ನು ನೋಡಬೇಕಾಗುತ್ತದೆ.

ಈ ಸೀಮೆ ಕೊಲರಾಡೊ ಪ್ರಸ್ಥಭೂಮಿಯ ಭಾಗ. ಇಲ್ಲಿನ ಕಲ್ಲುಗಳು ಬಹುಪಾಲು ಪದರ ಪದರವಾಗಿ ಕೂತ ಹೂಳು ಮತ್ತು ಮರಳು. ಗ್ರ್ಯಾಂಡ್ ಗಲ್ಚ್ ಮತ್ತು ಅದರ ನೆರೆಯ ಕಮರಿಗಳ ಗೋಡೆಗಳಾಗಿರುವ ಸೀಡರ್ ಮೇಸಾ ಮರಳುಗಲ್ಲು, 27 ಕೋಟಿ ವರ್ಷಗಳಿಗೂ ಹಿಂದೆ, ಪರ್ಮಿಯನ್ ಕಾಲದಲ್ಲಿ, ಸಮುದ್ರವೊಂದರ ಅಂಚಿನಲ್ಲಿ ಗಾಳಿ ಕೂಡಿಹಾಕಿದ ಮರಳು ದಿಬ್ಬಗಳಿಂದ ಆದದ್ದು. ಪೂರ್ವದ ಬೆಟ್ಟಗಳಿಂದ ನದಿಗಳು ತಂದ ಕಬ್ಬಿಣಭರಿತ ಕೆಂಪು ಹೂಳು ಆ ಬಿಳಿಚು ದಿಬ್ಬಗಳ ನಡುವೆ ಆಗಾಗ ಹರಡಿಕೊಂಡದ್ದರಿಂದ, ಉತ್ತರದ ಕೆಲವು ಕಡೆ ಬಂಡೆಗಳ ಮೇಲೆ ಕೆಂಪು ಮತ್ತು ಬಿಳಿ ಪಟ್ಟೆಗಳು ಒಂದರ ಮೇಲೊಂದು ಕಾಣಿಸುತ್ತವೆ. ಅದರ ಮೇಲೆ, ಸುಮಾರು 22 ಕೋಟಿ ವರ್ಷಗಳ ಹಿಂದಿನ ಚಿನ್ಲೆ ಎಂಬ ಬಣ್ಣಬಣ್ಣದ ಮೆತ್ತನೆಯ ಜೇಡಿಗಲ್ಲು. ಕಲ್ಲಾದ ಮರದ ದಿಮ್ಮಿಗಳೂ ಯುರೇನಿಯಂ ಅದಿರೂ ಸಿಗುವುದು ಇದರಲ್ಲಿ. ಅದರ ಮೇಲೆ, 20 ಕೋಟಿ ವರ್ಷಗಳ ಹಿಂದಿನ ವಿಂಗೇಟ್ ಮರಳುಗಲ್ಲು ನೆಟ್ಟಗೆ ಗೋಡೆಯಾಗಿ ನಿಲ್ಲುತ್ತದೆ. ಕೆಳಗಿನ ಚಿನ್ಲೆ ಬೇಗ ಸವೆದು ಬುಡ ಖಾಲಿಯಾದಂತೆ ಮೇಲಿನ ವಿಂಗೇಟ್ ಲಂಬವಾಗಿ ಬಿರಿದು ಬೀಳುವುದರಿಂದ ಈ ಗೋಡೆಗಳಿಗೆ ಇಳಿಜಾರೆಂಬುದೇ ಇಲ್ಲ. ಅದಕ್ಕೂ ಮೇಲೆ ನವಾಹೊ ಮರಳುಗಲ್ಲು. ಅದು ಜುರಾಸಿಕ್ ಕಾಲದ ಮರುಭೂಮಿಯೊಂದರ ಮರಳು.

ಕೆಂಪಿಗೆ ಕಾರಣ ತೀರ ಸರಳ. ಪ್ರತಿಯೊಂದು ಮರಳ ಕಣದ ಮೇಲೂ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತೆಳು ಲೇಪವಿದೆ. ಬಣ್ಣವೆಲ್ಲ ಆ ಲೇಪದ್ದು, ಒಳಗಿನ ಕಣ ಬಹುಮಟ್ಟಿಗೆ ಬಣ್ಣವಿಲ್ಲದ ಸ್ಫಟಿಕ. ಬಾದಾಮಿಯ ಬಂಡೆಗಳಿಗೂ ಇದೇ ಕಬ್ಬಿಣವೇ ಕೆಂಪು ಕೊಟ್ಟಿರುವುದು, ಆದರೆ ನಮ್ಮ ಮಲಪ್ರಭೆಯ ದಂಡೆಯ ಕಲ್ಲು ಯೂಟಾದ ಕಲ್ಲಿಗಿಂತ ಕೋಟ್ಯಂತರ ವರ್ಷ ಹಿರಿಯದು. ಇನ್ನೊಂದು ವ್ಯತ್ಯಾಸವೂ ಹೇಳುವಂಥದ್ದು. ಬಾದಾಮಿಯಲ್ಲಿ ಚಾಲುಕ್ಯರ ಶಿಲ್ಪಿಗಳು ಬಂಡೆಯನ್ನು ಕೊರೆದು ಗುಹೆ ಮಾಡಿದರು. ಬೇರ್ಸ್ ಇಯರ್ಸ್‌ನಲ್ಲಿ ಗುಹೆಯನ್ನು ನೀರು ಮಾಡಿಟ್ಟಿತ್ತು, ಮನುಷ್ಯರು ಅದರೊಳಗೆ ಕಲ್ಲು ಮಣ್ಣಿನಿಂದ ಗೋಡೆ ಕಟ್ಟಿದರು.

ನೀರು ಈ ಕೆಲಸ ಮಾಡಿದ ಬಗೆಯಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ. ಸುಮಾರು 7ರಿಂದ 4 ಕೋಟಿ ವರ್ಷಗಳ ಹಿಂದೆ ಭೂಮಿಯ ಹೊರಪದರ ಒತ್ತಡಕ್ಕೆ ಸಿಕ್ಕಿ ಈ ಪ್ರದೇಶ ಮೇಲೇಳತೊಡಗಿತು. ಬಯಲಿನಲ್ಲಿ ಅಂಕುಡೊಂಕಾಗಿ ಹರಿಯುತ್ತಿದ್ದ ಸ್ಯಾನ್ ವಾನ್ ನದಿ, ನೆಲ ಎತ್ತರವಾದಂತೆ ತನ್ನ ಅಂಕುಡೊಂಕುಗಳನ್ನು ಬಿಡದೆ ಕಲ್ಲಿನೊಳಕ್ಕೆ ಇಳಿಯಿತು. ಗೂಸ್‌ನೆಕ್ಸ್ ಎಂಬಲ್ಲಿ ಸುಮಾರು 300 ಮೀಟರ್ ಆಳದಲ್ಲಿ ಅದು ಇಂದಿಗೂ ಹಾಗೆಯೇ ಸುರುಳಿ ಸುತ್ತುತ್ತದೆ. ದೊಡ್ಡ ನದಿ ಇಳಿದಂತೆ ಅದಕ್ಕೆ ಸೇರುವ ಹಳ್ಳಗಳೂ ಇಳಿದವು. ಕಮರಿಗಳ ಜಾಲ ಹುಟ್ಟಿತು.

ಹಳ್ಳಗಳಲ್ಲಿ ವರ್ಷದ ಬಹುಪಾಲು ನೀರಿರುವುದಿಲ್ಲ. ಆದರೆ ಮೇಲಿನ ಬಯಲಿನ ಮೇಲೆ ಬಿದ್ದ ಮಳೆ ಮತ್ತು ಕರಗಿದ ಹಿಮ, ರಂಧ್ರಗಳಿಂದ ತುಂಬಿದ ಮರಳುಗಲ್ಲಿನೊಳಗೆ ನಿಧಾನವಾಗಿ ಇಂಗುತ್ತದೆ. ಮರಳುಗಲ್ಲಿನ ನಡುವೆ ಅಲ್ಲಲ್ಲಿ ನೀರು ಬಿಡದ ತೆಳು ಜೇಡಿಪದರಗಳಿವೆ. ಇಂಗಿದ ನೀರು ಅಲ್ಲಿ ತಡೆದು, ಅಡ್ಡಡ್ಡ ಹರಿದು, ಕಮರಿಯ ಗೋಡೆಯಲ್ಲಿ ಒಸರಾಗಿ ಹೊರಬರುತ್ತದೆ. ಒಸರುವ ನೀರು ಮರಳ ಕಣಗಳನ್ನು ಬೆಸೆದಿರುವ ಸುಣ್ಣವನ್ನು ಕರಗಿಸುತ್ತದೆ, ಉಪ್ಪು ಹರಳುಗಟ್ಟಿ ಕಲ್ಲನ್ನು ಒಡೆಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ಬಿರುಕನ್ನು ಹಿಗ್ಗಿಸುತ್ತದೆ. ಪದರದ ಮೇಲಿನ ಬಂಡೆ ಚಕ್ಕೆ ಚಕ್ಕೆಯಾಗಿ ಕಳಚಿ, ಸಾವಿರಾರು ವರ್ಷಗಳಲ್ಲಿ ಕಮಾನಿನ ಆಕಾರದ ಪೊಟರೆ ಮೂಡುತ್ತದೆ. ಹೀಗಾಗಿ ಈ ಒಣ ನಾಡಿನಲ್ಲಿ ಬಂಡೆಯ ಸೂರು ಮತ್ತು ಕುಡಿಯುವ ನೀರು ಅಕ್ಕಪಕ್ಕದಲ್ಲೇ ಸಿಗುವುದು ಅಪರೂಪವಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಪೊಟರೆಗಳಿಗೆ ಮತ್ತೊಂದು ಅನುಕೂಲವಿದೆ: ಚಳಿಗಾಲದ ತಗ್ಗು ಸೂರ್ಯ ಒಳಗೆ ಬಿಸಿಲು ಚೆಲ್ಲುತ್ತಾನೆ, ಬೇಸಿಗೆಯ ನೆತ್ತಿಯ ಸೂರ್ಯನಿಗೆ ಬಂಡೆಯ ಸೂರು ಅಡ್ಡ ಬರುತ್ತದೆ.

ಮನುಷ್ಯರ ಗುರುತು ಇಲ್ಲಿ ಸುಮಾರು 13,000 ವರ್ಷ ಹಿಂದಕ್ಕೆ ಹೋಗುತ್ತದೆ. ಲೈಮ್ ರಿಡ್ಜ್ ಎಂಬಲ್ಲಿ ಹಿಮಯುಗದ ಬೇಟೆಗಾರರ ಕ್ಲೋವಿಸ್ ಶೈಲಿಯ ಕಲ್ಲಿನ ಆಯುಧಗಳು ಸಿಕ್ಕಿವೆ. ಮೆಕ್ಕೆಜೋಳ ದಕ್ಷಿಣದಿಂದ ಬಂದ ಮೇಲೆ ಜನ ನೆಲೆಯೂರತೊಡಗಿದರು. ಮಡಕೆ ಮಾಡಲು ಕಲಿಯುವ ಮೊದಲು ನೀರು ಸೋರದಷ್ಟು ಬಿಗಿಯಾದ ಬುಟ್ಟಿಗಳನ್ನು ಹೆಣೆಯುತ್ತಿದ್ದ ಈ ಆರಂಭದ ಕೃಷಿಕರನ್ನು ಪುರಾತತ್ತ್ವಜ್ಞರು ಬಾಸ್ಕೆಟ್‌ಮೇಕರ್ ಜನರೆಂದು ಕರೆದರು. ಅವರ ವಂಶದವರೇ ಮುಂದೆ, ಹನ್ನೆರಡು ಮತ್ತು ಹದಿಮೂರನೇ ಶತಮಾನಗಳಲ್ಲಿ, ಪೊಟರೆಗಳೊಳಗೆ ಕಲ್ಲಿನ ಮನೆಗಳನ್ನೂ ಕಣಜಗಳನ್ನೂ ಕಿವಾ ಎಂಬ ನೆಲಮಾಳಿಗೆಯಂಥ ಆಚರಣೆಯ ಕೋಣೆಗಳನ್ನೂ ಕಟ್ಟಿದ ಪೂರ್ವಜ ಪ್ಯೂಬ್ಲೊ ಜನರು. ಮಳೆ ತಾಗದ ಪೊಟರೆಗಳಲ್ಲಿ ಎಲ್ಲವೂ ಉಳಿದಿದೆ: ಯಕ್ಕ ಗಿಡದ ನಾರಿನ ಚಪ್ಪಲಿಗಳು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡುಗಳು, ಟರ್ಕಿ ಕೋಳಿಯ ಗರಿ ಸುತ್ತಿದ ಹೊದಿಕೆಗಳು, ಗಾರೆಯ ಮೇಲೆ ಕಟ್ಟಿದವರ ಬೆರಳ ಗುರುತು. ಬ್ಲಾಂಡಿಂಗ್ ಪಟ್ಟಣದ ಎಡ್ಜ್ ಆಫ್ ದಿ ಸೀಡರ್ಸ್ ವಸ್ತುಸಂಗ್ರಹಾಲಯದಲ್ಲಿ ಕೆಂಪು ಮಕಾ ಗಿಳಿಯ ಗರಿಗಳಿಂದ ಮಾಡಿದ ಒಂದು ನಡುಕಟ್ಟಿದೆ. ಆ ಗಿಳಿಯ ಸಹಜ ನೆಲೆ ಇಲ್ಲಿಂದ ಬಹು ದೂರದ ಮೆಕ್ಸಿಕೊದ ಕಾಡುಗಳು; ಈ ಕಮರಿಯ ಜನ ಯಾರೊಡನೆ ವ್ಯಾಪಾರ ಸಂಬಂಧ ಇಟ್ಟುಕೊಂಡಿದ್ದರೆಂಬುದಕ್ಕೆ ಆ ಗರಿಗಳಿಗಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಪೊಟರೆಯ ಮನೆಯ ಚಿತ್ರ ನೋಡಿದವರು ಸಾಮಾನ್ಯವಾಗಿ ಕೇಳದ ಪ್ರಶ್ನೆಯೆಂದರೆ, ಈ ಜನರ ಹೊಲ ಎಲ್ಲಿತ್ತು ಎಂಬುದು. ಅದು ಬಹುಮಟ್ಟಿಗೆ ಮೇಲಿನ ಬಯಲಿನಲ್ಲಿತ್ತು. ಸೀಡರ್ ಮೇಸಾ ಎಂಬ ಆ ಎತ್ತರದ ಬಯಲಿನ ನೆತ್ತಿಯ ಮೇಲೆ ಗಾಳಿ ತಂದು ಹಾಸಿದ ನವಿರಾದ ಕೆಂಪು ಮಣ್ಣು ಹಿಮ ಕರಗಿದ ತೇವವನ್ನು ಬೇಸಿಗೆಯವರೆಗೆ ಹಿಡಿದಿಡುತ್ತದೆ. ನೀರಾವರಿಯಿಲ್ಲದೆ ಮೆಕ್ಕೆಜೋಳ ಬೆಳೆಯುತ್ತಿದ್ದದ್ದು ಅಲ್ಲಿ. ಬೇಟೆ ಮತ್ತು ಪೈನ್ ಬೀಜ ಇನ್ನೂ ಎತ್ತರದ ಕಾಡಿನಲ್ಲಿ, ನೀರು ಮತ್ತು ವಸತಿ ಕಮರಿಯಲ್ಲಿ. ಒಂದು ಕುಟುಂಬದ ವರ್ಷ ಈ ಎಲ್ಲ ಎತ್ತರಗಳ ಮೇಲೂ ಹರಡಿಕೊಂಡಿತ್ತು. ಗೋಡೆಯ ಸುತ್ತ ಬೇಲಿ ಹಾಕಿ ಮನೆಯನ್ನಷ್ಟೇ ಕಾದರೆ ಆ ಬದುಕಿನ ಬಹುಭಾಗ ಬೇಲಿಯ ಹೊರಗೆ ಉಳಿಯುತ್ತದೆ ಎಂಬ ವಾದಕ್ಕೆ ಆಧಾರ ಇದೇ.

ಗಿಡಗಳಲ್ಲಿಯೂ ಈ ಹರಡುವಿಕೆ ಕಾಣುತ್ತದೆ. ಫೋರ್ ಕಾರ್ನರ್ಸ್ ಆಲೂಗಡ್ಡೆ ಎಂಬ ಪುಟ್ಟ ಕಾಡು ಗೆಡ್ಡೆಯೊಂದು ಇಲ್ಲಿ ಬೆಳೆಯುತ್ತದೆ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದಂತೆ, ಪಶ್ಚಿಮದ ಎಸ್ಕಲಾಂಟೆ ಕಣಿವೆಯಲ್ಲಿ ಸಿಕ್ಕ ಅರೆಯುವ ಕಲ್ಲುಗಳ ಸಂದಿಯಲ್ಲಿ ಈ ಗೆಡ್ಡೆಯ ಪಿಷ್ಟದ ಕಣಗಳು ಅಂಟಿಕೊಂಡಿದ್ದವು. ಅವುಗಳಲ್ಲಿ ಅತಿ ಹಳೆಯವು ಸುಮಾರು 10,900 ವರ್ಷಗಳಷ್ಟು ಹಿಂದಿನವು. ಬೇರ್ಸ್ ಇಯರ್ಸ್‌ನಲ್ಲಿ ಈ ಗಿಡ ಮತ್ತು ಆಹಾರ, ಔಷಧಕ್ಕೆ ಬಳಸುವ ಇತರ ಗಿಡಗಳು ಪುರಾತನ ವಸತಿಗಳ ಸುತ್ತಲೇ ಹೆಚ್ಚಾಗಿ ಕಾಣುತ್ತವೆ ಎಂದು ಅದೇ ವಿಶ್ವವಿದ್ಯಾಲಯದವರ ನಂತರದ ಅಧ್ಯಯನ ತೋರಿಸಿತು. ಯಾರೋ ಅವನ್ನು ತಂದು ನೆಟ್ಟು ಬೆಳೆಸಿದ್ದರು; ಮನೆ ಖಾಲಿಯಾಗಿ ಶತಮಾನಗಳು ಕಳೆದರೂ ತೋಟ ತಾನೇ ಮುಂದುವರಿದಿದೆ. ಇದು ಪ್ರಾಕೃತಿಕ ಪರಂಪರೆಯೋ ಸಾಂಸ್ಕೃತಿಕ ಪರಂಪರೆಯೋ ಎಂದು ವಿಂಗಡಿಸಲು ಹೊರಟವರು ಪೇಚಿಗೆ ಸಿಲುಕುತ್ತಾರೆ.

ಬಂಡೆಗಳ ಮೇಲಿನ ಚಿತ್ರಗಳೂ ಕಲ್ಲಿನ ಗುಣವನ್ನೇ ನಂಬಿಕೊಂಡಿವೆ. ಬಿಸಿಲು ಗಾಳಿಗೆ ತೆರೆದ ಮರಳುಗಲ್ಲಿನ ಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಜೇಡಿಯೊಂದಿಗೆ ಸೇರಿ ಸಾವಿರಾರು ವರ್ಷಗಳಲ್ಲಿ ಕಪ್ಪು ಮೆರುಗೊಂದನ್ನು ಕೂಡಿಸುತ್ತವೆ. ಕಲ್ಲಿನಿಂದ ಕುಟ್ಟಿ ಆ ಮೆರುಗನ್ನು ಕಿತ್ತರೆ ಒಳಗಿನ ತಿಳಿ ಬಣ್ಣ ಹೊರಗೆ ಬಂದು ಚಿತ್ರವಾಗುತ್ತದೆ. ಇಂಡಿಯನ್ ಕ್ರೀಕ್ ಬಳಿಯ ನ್ಯೂಸ್‌ಪೇಪರ್ ರಾಕ್ ಎಂಬ ಒಂದೇ ಬಂಡೆಯ ಮೇಲೆ ಸುಮಾರು ಎರಡು ಸಾವಿರ ವರ್ಷಗಳ ಕಾಲದ ಚಿತ್ರಗಳಿವೆ. ಕುದುರೆ ಸವಾರರ ಚಿತ್ರಗಳು ಮಾತ್ರ ಸ್ಪ್ಯಾನಿಷರು ಈ ಖಂಡಕ್ಕೆ ಕುದುರೆ ತಂದ ನಂತರದವು ಎಂದು ಖಚಿತವಾಗಿ ಹೇಳಬಹುದು. ಕೋಂಬ್ ರಿಡ್ಜ್ ಎಂಬ ಉದ್ದನೆಯ ಕಲ್ಲಿನ ಏಣಿನ ಮೇಲೆ, ಹಲವು ದಿಕ್ಕುಗಳಿಂದ ಬಂದು ಒಂದು ವೃತ್ತದತ್ತ ಸಾಗುವ ನೂರಕ್ಕೂ ಹೆಚ್ಚು ಪುಟ್ಟ ಮಾನವಾಕೃತಿಗಳ ಮೆರವಣಿಗೆಯಿದೆ. ನನ್ನ ಮಟ್ಟಿಗೆ ಈ ಸೀಮೆಯ ಅತ್ಯುತ್ತಮ ಚಿತ್ರ ಅದು.

ಹದಿಮೂರನೇ ಶತಮಾನ ಮುಗಿಯುವಷ್ಟರಲ್ಲಿ ಈ ಮನೆಗಳು ಖಾಲಿಯಾದವು. ಕಾಲವನ್ನು ಇಷ್ಟು ನಿಖರವಾಗಿ ಹೇಳಲು ಸಾಧ್ಯವಾದದ್ದು ಆಂಡ್ರ್ಯೂ ಡಗ್ಲಸ್ ಎಂಬ ಖಗೋಳವಿಜ್ಞಾನಿಯಿಂದ. ಸೂರ್ಯನ ಚಟುವಟಿಕೆಯ ಗುರುತನ್ನು ಮರದ ವಾರ್ಷಿಕ ಉಂಗುರಗಳಲ್ಲಿ ಹುಡುಕುತ್ತಿದ್ದ ಅವರು, ಹಳೆಯ ಮನೆಗಳ ತೊಲೆಗಳ ಉಂಗುರಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರು. 1929ರಲ್ಲಿ ಅರಿಜೋನಾದ ಶೋ ಲೋ ಎಂಬಲ್ಲಿ ಸಿಕ್ಕ ಸುಟ್ಟ ತೊಲೆಯ ತುಂಡೊಂದು ಸರಪಳಿಯ ಕೊನೆಯ ಕೊಂಡಿಯಾಗಿ, ಯಾವ ಮನೆಯ ಮರ ಯಾವ ವರ್ಷ ಕಡಿದದ್ದೆಂದು ಹೇಳುವುದು ಸಾಧ್ಯವಾಯಿತು. ಅದೇ ಉಂಗುರಗಳು 1276ರಿಂದ 1299ರವರೆಗಿನ ದೀರ್ಘ ಬರವನ್ನೂ ತೋರಿಸಿದವು. ಬರ, ಚಳಿ, ಕಾಳಗ, ದಕ್ಷಿಣದ ಹೊಸ ಊರುಗಳ ಸೆಳೆತ ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲೆಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ಆದರೆ ಪ್ರವಾಸಿ ಕೈಪಿಡಿಗಳಲ್ಲಿ ಬಹುಕಾಲ ಬರೆಯುತ್ತಿದ್ದಂತೆ ಆ ಜನ ‘ಕಣ್ಮರೆ’ಯಾಗಲಿಲ್ಲ. ಅವರು ದಕ್ಷಿಣಕ್ಕೆ ಹೋದರು. ಹೋಪಿ, ಜೂನಿ ಮತ್ತು ರಿಯೊ ಗ್ರಾಂಡೆ ನದಿಯ ಪ್ಯೂಬ್ಲೊ ಊರುಗಳವರು ಅವರ ವಂಶಸ್ಥರು, ಮತ್ತು ಅವರ ಪಾಲಿಗೆ ಆ ಖಾಲಿ ಮನೆಗಳು ಹಿರಿಯರು ಈಗಲೂ ಇರುವ ಸ್ಥಳಗಳು.

ಬಳಿಕ ಈ ನೆಲದಲ್ಲಿ ಯೂಟ್ ಮತ್ತು ನವಾಹೊ ಜನ ಬದುಕಿದರು. ನವಾಹೊ ನಾಯಕ ಮಾನ್ಯುಯೆಲಿಟೊ ಹುಟ್ಟಿದ್ದು ಬೇರ್ಸ್ ಇಯರ್ಸ್ ಸಮೀಪದಲ್ಲಿ. 1864ರಲ್ಲಿ ಅಮೆರಿಕದ ಸೇನೆ ಸಾವಿರಾರು ನವಾಹೊಗಳನ್ನು ನ್ಯೂ ಮೆಕ್ಸಿಕೊದ ಶಿಬಿರಕ್ಕೆ ನಡೆಸಿಕೊಂಡು ಹೋದಾಗ ಕೆಲವರು ತಪ್ಪಿಸಿಕೊಂಡು ಇಲ್ಲಿನ ಕಮರಿಗಳಲ್ಲಿ ಅಡಗಿದ್ದರು. 1880ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಬಂಡೆಯ ಸಂದಿಗಳಲ್ಲಿ ಬಂಡಿ ಇಳಿಸಿಕೊಂಡು ಬಂದು ಬ್ಲಫ್ ಎಂಬ ಊರು ಕಟ್ಟಿದರು. ಅವರ ವಂಶಸ್ಥರಲ್ಲಿ ಹಲವರು ಇಲ್ಲಿಯೇ ದನ ಮೇಯಿಸಿಕೊಂಡು ಬದುಕುತ್ತಿದ್ದಾರೆ. ವಿವಾದದಲ್ಲಿ ಅವರದೂ ಒಂದು ದನಿಯಿದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನು ಕಾನೂನಿಗೆ ಬರಬಹುದು. 1890ರ ದಶಕದಲ್ಲಿ ಈ ಸೀಮೆಯ ಪೊಟರೆಗಳು ಬಯಲು ಗಣಿಗಳ ಹಾಗಿದ್ದವು: ಯಾರು ಬೇಕಾದರೂ ಅಗೆದು ಮಾರಬಹುದಿತ್ತು. ಗ್ರ್ಯಾಂಡ್ ಗಲ್ಚ್‌ನಿಂದ ರಿಚರ್ಡ್ ವೆದರಿಲ್ ಮತ್ತು ಜೊತೆಯವರು ತೆಗೆದ ವಸ್ತುಗಳು, ಸಮಾಧಿಗಳಲ್ಲಿದ್ದ ಅಸ್ಥಿಗಳ ಸಹಿತ, ನ್ಯೂಯಾರ್ಕಿನ ವಸ್ತುಸಂಗ್ರಹಾಲಯ ಸೇರಿದವು. ನೆರೆಯ ಕೊಲರಾಡೊದ ಮೇಸಾ ವರ್ಡೆಯಲ್ಲಿ 1891ರಲ್ಲಿ ಅಗೆದ ಸ್ವೀಡನ್ನಿನ ಗುಸ್ತಾಫ್ ನೂರ್ಡೆನ್‌ಶೋಲ್ಡ್‌ರನ್ನು ಬಂಧಿಸಿದರೂ, ಅವರು ಮುರಿದ ಕಾನೂನು ಯಾವುದೂ ಇಲ್ಲದ್ದರಿಂದ ಬಿಡಬೇಕಾಯಿತು. ಅವರ ಸಂಗ್ರಹ ಹೆಲ್ಸಿಂಕಿ ಸೇರಿತು. ಅದರಲ್ಲಿದ್ದ ಮಾನವ ಅವಶೇಷಗಳನ್ನು ಫಿನ್ಲೆಂಡ್ ಹಿಂದಿರುಗಿಸಿದ್ದು 2020ರಲ್ಲಿ. ಇಂಥ ಪ್ರಕರಣಗಳ ಒತ್ತಡದಿಂದ 1906ರಲ್ಲಿ ಪ್ರಾಚೀನ ವಸ್ತುಗಳ ಕಾಯ್ದೆ ಬಂತು. ರಾಷ್ಟ್ರೀಯ ಉದ್ಯಾನವನ್ನು ಮಾಡಲು ಸಂಸತ್ತಿನ ಒಪ್ಪಿಗೆ ಬೇಕು. ಆದರೆ ಈ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಒಡೆತನದಲ್ಲಿರುವ ನೆಲದ ಮೇಲಿನ ಐತಿಹಾಸಿಕ ಅಥವಾ ವೈಜ್ಞಾನಿಕ ಮಹತ್ವದ ವಸ್ತುಗಳನ್ನು ಅಧ್ಯಕ್ಷರು ಒಂದೇ ಸಹಿಯಿಂದ ರಾಷ್ಟ್ರೀಯ ಸ್ಮಾರಕವಾಗಿಸಬಹುದು. ಷರತ್ತು ಒಂದೇ: ಆ ವಸ್ತುಗಳ ಸರಿಯಾದ ಪಾಲನೆಗೆ ಹೊಂದುವ ಕನಿಷ್ಠ ವಿಸ್ತೀರ್ಣವನ್ನಷ್ಟೇ ಮೀಸಲಿಡಬೇಕು.

ಕನಿಷ್ಠವೆಂದರೆ ಎಷ್ಟು? ಕಾಯ್ದೆ ಬಂದ ಎರಡೇ ವರ್ಷಗಳಲ್ಲಿ ಥಿಯೋಡರ್ ರೂಸ್‌ವೆಲ್ಟ್ ಗ್ರ್ಯಾಂಡ್ ಕ್ಯಾನಿಯನ್ನಿನ 8 ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸ್ಮಾರಕವೆಂದು ಘೋಷಿಸಿದರು. ಕಮರಿಗಿಳಿಯುವ ದಾರಿಯಲ್ಲಿ ಗಣಿ ಹಕ್ಕು ಸಾಧಿಸಿ ಪ್ರವಾಸಿಗರಿಂದ ಸುಂಕ ಎತ್ತುತ್ತಿದ್ದ ರಾಲ್ಫ್ ಕ್ಯಾಮರಾನ್ ಇದನ್ನು ಪ್ರಶ್ನಿಸಿದರು. 1920ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದವನ್ನು ತಳ್ಳಿಹಾಕಿತು. ಇಡೀ ಕಮರಿಯೇ ವೈಜ್ಞಾನಿಕ ಮಹತ್ವದ ವಸ್ತುವಾಗಬಹುದು ಎಂಬುದು ಅಂದಿನಿಂದ ನೆಲೆಗೊಂಡ ವ್ಯಾಖ್ಯಾನ. ಇಂದು ಅಮೆರಿಕದ ಕನ್ನಡಿಗರು ಕುಟುಂಬ ಸಮೇತ ಕಾರಿನಲ್ಲಿ ಹೋಗಿ ನೋಡುವ ಜಾಯನ್, ಬ್ರೈಸ್ ಕ್ಯಾನಿಯನ್, ಆರ್ಚಸ್, ಕ್ಯಾಪಿಟಲ್ ರೀಫ್ ಉದ್ಯಾನಗಳೆಲ್ಲ ಮೊದಲು ಹೀಗೆ ಘೋಷಣೆಯಾದ ಸ್ಮಾರಕಗಳೇ.

ಬೇರ್ಸ್ ಇಯರ್ಸ್ ಇವುಗಳಿಂದ ಭಿನ್ನವಾದದ್ದು ಕೇಳಿದವರ ಕಾರಣದಿಂದ. 2015ರಲ್ಲಿ ಹೋಪಿ, ನವಾಹೊ, ಜೂನಿ, ಯೂಟ್ ಮೌಂಟನ್ ಯೂಟ್ ಮತ್ತು ಯಿಂಟಾ–ಯುರೇ ಯೂಟ್ ಎಂಬ ಐದು ಬುಡಕಟ್ಟು ಸರ್ಕಾರಗಳು ಹಳೆಯ ಮನಸ್ತಾಪಗಳನ್ನು ಬದಿಗಿಟ್ಟು ಒಕ್ಕೂಟ ರಚಿಸಿ, 19 ಲಕ್ಷ ಎಕರೆಯ ರಕ್ಷಣೆಗೆ ಪ್ರಸ್ತಾವ ಸಲ್ಲಿಸಿದವು. ಹಿರಿಯರನ್ನು ಸಂದರ್ಶಿಸಿ, ಯಾವ ಮದ್ದು ಎಲ್ಲಿ, ಯಾವ ಸೌದೆ ಎಲ್ಲಿ, ಯಾವ ಪೂಜಾಸ್ಥಳ ಎಲ್ಲಿ ಎಂದು ನಕಾಶೆಯ ಮೇಲೆ ಗುರುತಿಸುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು. ಅಷ್ಟು ದೊಡ್ಡ ಗಡಿ ಬಂದದ್ದು ಆ ನಕಾಶೆಯಿಂದ. ಘೋಷಣೆಯಾದ ಮೇಲೆ ಹೊಸ ಗಣಿ ಹಕ್ಕು ಮತ್ತು ತೈಲ ಗುತ್ತಿಗೆಗಳಿಗೆ ತಡೆ ಬೀಳುತ್ತದೆ. ಮೊದಲೇ ಇದ್ದ ಹಕ್ಕುಗಳೂ ದನ ಮೇಯಿಸುವ ಪರವಾನಗಿಗಳೂ ಉಳಿಯುತ್ತವೆ, ಬುಡಕಟ್ಟು ಜನರು ಸೌದೆ ಮತ್ತು ಗಿಡಮೂಲಿಕೆ ಸಂಗ್ರಹಿಸಬಹುದು.

ವಿರೋಧದಲ್ಲಿಯೂ ತೂಕವಿದೆ. ಯೂಟಾದ ಸುಮಾರು ಮೂರನೇ ಎರಡು ಭಾಗ ನೆಲ ಕೇಂದ್ರದ ಒಡೆತನದ್ದು. ದೂರದ ರಾಜಧಾನಿಯ ಒಂದು ಸಹಿ ತಮ್ಮ ಜಿಲ್ಲೆಯ ಬದುಕನ್ನು ಬದಲಿಸುವುದು ಅಲ್ಲಿನವರಿಗೆ, ಕೆಲವು ನವಾಹೊ ಕುಟುಂಬಗಳಿಗೂ, ಹಿಡಿಸಲಿಲ್ಲ. ಸ್ಮಾರಕವೆಂಬ ಪ್ರಚಾರವೇ ಜನರನ್ನು ಸೆಳೆದು ಹಾನಿ ಹೆಚ್ಚಿಸುತ್ತದೆ ಎಂಬ ಯೂಟಾ ಸರ್ಕಾರದ ವಾದವನ್ನು ತಮಾಷೆಯೆಂದು ತಳ್ಳಲಾಗದು. ಇಲ್ಲಿ ಗಿಡಗಳ ನಡುವಿನ ಬರಿ ನೆಲದಂತೆ ಕಾಣುವುದು ಜೀವಂತ ಪದರ: ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ಎಳೆಗಳು ಮರಳ ಕಣಗಳನ್ನು ಹಿಡಿದಿಟ್ಟು, ಗಾಳಿಯ ಸಾರಜನಕವನ್ನು ಮಣ್ಣಿಗೆ ಕೊಡುತ್ತವೆ. ಒಂದು ಹೆಜ್ಜೆಯ ತುಳಿತ ಮಾಯಲು ದಶಕಗಳು ಹಿಡಿಯುತ್ತವೆ. ಆದರೆ ಲೂಟಿ ಘೋಷಣೆಗಿಂತ ಬಹಳ ಹಳೆಯದು; 2009ರಲ್ಲಿ ಕೇಂದ್ರದ ತನಿಖಾಧಿಕಾರಿಗಳು ಬ್ಲಾಂಡಿಂಗ್ ಸುತ್ತ ನಡೆಸಿದ ದೊಡ್ಡ ದಾಳಿ ಅದಕ್ಕೆ ಸಾಕ್ಷಿ. ಜನ ಹೇಗೂ ಬರುತ್ತಾರೆ. ಕಾವಲುಗಾರರಿಗೆ, ದಾರಿಫಲಕಕ್ಕೆ, ಪರವಾನಗಿ ವ್ಯವಸ್ಥೆಗೆ ಹಣ ಒದಗಿಸುವ ಹೊಣೆಯನ್ನು ಸರ್ಕಾರ ಹೊರುತ್ತದೆಯೇ ಎಂಬುದೇ ನನಗೆ ಹೆಚ್ಚು ಮುಖ್ಯವೆನಿಸುವ ಪ್ರಶ್ನೆ.

ಯುರೇನಿಯಂ ವಿಷಯವೂ ಇದೆ. ವೈಟ್ ಕ್ಯಾನಿಯನ್ ಸುತ್ತಲಿನ ಚಿನ್ಲೆ ಪದರದಲ್ಲಿ ಶೀತಲ ಸಮರದ ಕಾಲದ ಹಳೆಯ ಗಣಿಗಳಿವೆ. ಸ್ಮಾರಕದ ಗಡಿಯ ಪಕ್ಕದಲ್ಲೇ ವೈಟ್ ಮೇಸಾ ಅದಿರು ಸಂಸ್ಕರಣಾ ಘಟಕವೂ, ಅದರ ಹತ್ತಿರವೇ ಯೂಟ್ ಮೌಂಟನ್ ಯೂಟ್ ಜನರ ಊರೂ ಇವೆ. ಘಟಕದ ಒಡೆತನದ ಕಂಪನಿ 2017ರಲ್ಲಿ ಗಡಿ ಕುಗ್ಗಿಸುವಂತೆ ಕೋರಿತ್ತು ಎಂಬುದು ಸಾರ್ವಜನಿಕ ದಾಖಲೆಯಲ್ಲಿದೆ.

ಒಬ್ಬ ಅಧ್ಯಕ್ಷರು ಮಾಡಿದ್ದನ್ನು ಇನ್ನೊಬ್ಬರು ಅಳಿಸಬಹುದೇ ಎಂದು ಕಾಯ್ದೆ ಹೇಳುವುದಿಲ್ಲ. 1915ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ವಾಷಿಂಗ್ಟನ್ ರಾಜ್ಯದ ಮೌಂಟ್ ಒಲಿಂಪಸ್ ಸ್ಮಾರಕವನ್ನು ಅರ್ಧದಷ್ಟು ಕುಗ್ಗಿಸಿದ್ದರು. ಆದರೆ 1938ರಲ್ಲಿ ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್, ಸ್ಮಾರಕವನ್ನು ಪೂರ್ತಿ ರದ್ದು ಮಾಡುವ ಅಧಿಕಾರ ಅಧ್ಯಕ್ಷರಿಗಿಲ್ಲವೆಂದು ಅಭಿಪ್ರಾಯಪಟ್ಟರು. 2017ರ ಕಡಿತದ ವಿರುದ್ಧ ಬುಡಕಟ್ಟುಗಳು ಹೂಡಿದ ದಾವೆ ತೀರ್ಪಿಗೆ ಬರುವ ಮೊದಲೇ ಬೈಡನ್ ಗಡಿಯನ್ನು ಮರಳಿಸಿದ್ದರಿಂದ ಪ್ರಶ್ನೆ ಹಾಗೆಯೇ ಉಳಿಯಿತು. ಅದೇ 2021ರಲ್ಲಿ, ಬೇರೊಂದು ಪ್ರಕರಣದ ಸಂದರ್ಭದಲ್ಲಿ, ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ‘ಕನಿಷ್ಠ ವಿಸ್ತೀರ್ಣ’ದ ಷರತ್ತು ಅರ್ಥ ಕಳೆದುಕೊಂಡಿದೆಯೆಂಬ ಸಂಶಯವನ್ನು ಬರೆದಿಟ್ಟರು. ಬೈಡನ್ ಘೋಷಣೆಯ ವಿರುದ್ಧ ಯೂಟಾ ಹೂಡಿದ ಮೊಕದ್ದಮೆಯನ್ನು 2023ರ ಆಗಸ್ಟ್‌ನಲ್ಲಿ ಕೆಳ ನ್ಯಾಯಾಲಯ ವಜಾ ಮಾಡಿತು, ರಾಜ್ಯ ಮೇಲ್ಮನವಿ ಸಲ್ಲಿಸಿತು.

ಈ ನಡುವೆ 2022ರ ಜೂನ್‌ನಲ್ಲಿ ಐದು ಬುಡಕಟ್ಟುಗಳೊಡನೆ ಕೇಂದ್ರದ ಭೂ ನಿರ್ವಹಣಾ ಇಲಾಖೆ ಮತ್ತು ಅರಣ್ಯ ಇಲಾಖೆಗಳು ಸಹ-ನಿರ್ವಹಣೆಯ ಒಪ್ಪಂದ ಮಾಡಿಕೊಂಡವು. ಅದರ ಆಧಾರದ ಮೇಲೆ ರೂಪುಗೊಂಡ ನಿರ್ವಹಣಾ ಯೋಜನೆಗೆ 2025ರ ಜನವರಿಯಲ್ಲಿ ಅಂಗೀಕಾರ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ, ಕಮಿಂಗ್ಸ್ ಅಭಿಪ್ರಾಯ ತಪ್ಪೆಂದೂ ಅಧ್ಯಕ್ಷರು ಹಿಂದಿನವರ ಸ್ಮಾರಕಗಳನ್ನು ರದ್ದುಗೊಳಿಸಬಹುದೆಂದೂ ಹೊಸ ಅಭಿಪ್ರಾಯ ಕೊಟ್ಟಿತು. ಇಂಥ ಅಭಿಪ್ರಾಯ ಸರ್ಕಾರದ ಇಲಾಖೆಗಳಿಗೆ ದಾರಿ ತೋರಿಸುತ್ತದೆಯೇ ಹೊರತು ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಸ್ಮಾರಕವನ್ನು ಮಾಡುವ ಅಧಿಕಾರವನ್ನು ಸುಪ್ರೀಂ ಕೋರ್ಟ್ 1920ರಲ್ಲೇ ಎತ್ತಿಹಿಡಿದಿದೆ; ಅಳಿಸುವ ಅಧಿಕಾರದ ಬಗ್ಗೆ ಆಗ ಅದರ ಮುಂದೆ ಪ್ರಶ್ನೆಯೇ ಬಂದಿರಲಿಲ್ಲ.